ಯಾವೂರಾಯ್ತು ಅಂತ ಕೇಳಬೇಡಿ

ನಮ್ಮಲ್ಲಿ ಹೊಸಬರು ಸಿಕ್ಕರೆ ಹೆಸರಿಗಿಂತ ಮೊದಲು ‘ಯಾವೂರಾಯ್ತು?’ ಅಂತ ಕೇಳುತ್ತೇವೆ. ಎಷ್ಟೋ ಜನರ ಇನಿಷಿಯಲ್ಲಿನಲ್ಲೇ ಊರು ಕೂತಿರುತ್ತದೆ. ಅಮೆರಿಕದ ಅಥ್ಲೆಟಿಕ್ಸ್ ಬೇಸ್‌ಬಾಲ್ ತಂಡಕ್ಕೆ ಮಾತ್ರ ಈ ಪ್ರಶ್ನೆ ಕೇಳಬೇಡಿ, ಪಾಪ. 2025ರಿಂದ ಅದು ಬರೀ ಅಥ್ಲೆಟಿಕ್ಸ್. ಹಿಂದೆ ಊರಿಲ್ಲ. ಆಡುವುದು ವೆಸ್ಟ್ ಸ್ಯಾಕ್ರಮೆಂಟೊದಲ್ಲಿ, ಆದರೆ ಆ ಊರಿನ ಹೆಸರು ಬೇಡವಂತೆ. ಹೋಗಬೇಕಾದದ್ದು ಲಾಸ್ ವೇಗಸ್‌ಗೆ. ಅಲ್ಲಿ ಸ್ಟೇಡಿಯಂ ಏಳುವುದು 2028ರ ಹೊತ್ತಿಗೆ. ಅಲ್ಲಿಯವರೆಗೆ ಅಂಗಿಯ ಒಂದು ತೋಳಿಗೆ ಸ್ಯಾಕ್ರಮೆಂಟೊ ಪಟ್ಟಿ, ಇನ್ನೊಂದಕ್ಕೆ ಲಾಸ್ ವೇಗಸ್ ಪಟ್ಟಿ. ಬಸ್ಸಿನ ಬೋರ್ಡೇ ಸರಿ: ಫಿಲಡೆಲ್ಫಿಯಾ–ಲಾಸ್ ವೇಗಸ್, ವಯಾ ಕಾನ್ಸಾಸ್ ಸಿಟಿ, ಓಕ್ಲೆಂಡ್.

ಬಸ್ಸು ಹೊರಟದ್ದು 1901ರಲ್ಲಿ, ಫಿಲಡೆಲ್ಫಿಯಾದಿಂದ. ಎದುರಾಳಿ ಮ್ಯಾನೇಜರ್ ಒಬ್ಬರು ಈ ತಂಡವನ್ನು ‘ಬಿಳಿ ಆನೆ’ ಎಂದು ಹೀಯಾಳಿಸಿದರು. ಮ್ಯಾನೇಜರ್ ಕಾನಿ ಮ್ಯಾಕ್ ಸಿಟ್ಟಾಗಲಿಲ್ಲ, ಆನೆಯನ್ನೇ ಲಾಂಛನ ಮಾಡಿಕೊಂಡರು. ಸೂಟು ಹಾಕಿಕೊಂಡೇ 50 ಸೀಸನ್ ತಂಡ ನಡೆಸಿದರು, 5 ಸಲ ವರ್ಲ್ಡ್ ಸೀರೀಸ್, ಅಂದರೆ ಲೀಗಿನ ಫೈನಲ್, ಗೆದ್ದರು. ಆದರೆ ಕೈ ಬಿಗಿಯಾದಾಗಲೆಲ್ಲ ಅಂಗಡಿ ತೆರೆಯುತ್ತಿದ್ದರು. ಲೆಫ್ಟಿ ಗ್ರೋವ್, ಅಲ್ ಸಿಮನ್ಸ್, ಜಿಮ್ಮಿ ಫಾಕ್ಸ್ ಅಂಥ ಆಟಗಾರರೆಲ್ಲ ಹೀಗೇ ಮಾರಾಟವಾದರು. ಆನೆ ಸಾಕುವವನು ದಂತ ಮಾರಿ ಹುಲ್ಲು ತಂದ ಹಾಗೆ.

1955ರಲ್ಲಿ ಕಾನ್ಸಾಸ್ ಸಿಟಿ. ಅಲ್ಲಿ 13 ವರ್ಷ. ನೆನಪಿಡುವಂಥ ಒಂದು ಕೆಲಸವೆಂದರೆ ರೋಜರ್ ಮ್ಯಾರಿಸ್‌ನನ್ನು ನ್ಯೂಯಾರ್ಕಿನ ಯಾಂಕೀಸ್ ತಂಡಕ್ಕೆ ಕೊಟ್ಟದ್ದು. ಅವನು 1961ರಲ್ಲಿ ಅಲ್ಲಿ 61 ಹೋಮ್ ರನ್ (ಚೆಂಡನ್ನು ಬೇಲಿಯಾಚೆ ಅಟ್ಟಿ, ಬೇಸ್‌ಗಳನ್ನೆಲ್ಲ ಸುತ್ತಿ, ಹೊರಟ ಜಾಗವಾದ ಹೋಮ್ ಪ್ಲೇಟಿಗೇ ವಾಪಸ್ ಬರುವ ಹೊಡೆತ) ಹೊಡೆದು ಹಳೇ ದಾಖಲೆ ಮುರಿದ.

1960ರ ಕೊನೆಗೆ ಬಂದರು ನೋಡಿ ಹೊಸ ಮಾಲೀಕ ಚಾರ್ಲಿ ಫಿನ್ಲಿ! ಇವರಿಗೆ ಆನೆ ಹಿಡಿಸಲಿಲ್ಲ. ಹೇಸರಗತ್ತೆ ತಂದರು, ಅದಕ್ಕೆ ತಮ್ಮದೇ ಹೆಸರಿಟ್ಟರು. (ಇಷ್ಟು ಪ್ರಾಮಾಣಿಕ ಮಾಲೀಕರು ಈಗೆಲ್ಲಿ ಸಿಗುತ್ತಾರೆ?) 1968ರಲ್ಲಿ ತಂಡ, ಕತ್ತೆ ಎಲ್ಲ ಸೇರಿ ಓಕ್ಲೆಂಡಿಗೆ ಬಂದವು. 1972ರಲ್ಲಿ ಮೀಸೆ ಬಿಟ್ಟ ಆಟಗಾರರಿಗೆ ತಲಾ 300 ಡಾಲರ್ ಮೀಸೆ ಭತ್ಯೆ. ರಾಲಿ ಫಿಂಗರ್ಸ್ ಎರಡೂ ತುದಿ ಸುರುಳಿ ಸುತ್ತಿ ಬಿಟ್ಟ, ಸಾಯುವವರೆಗೂ ಗುರುತಾಗುವಂಥ ಮೀಸೆ. ಜಿಮ್ ಹಂಟರ್‌ಗೆ ‘ಕ್ಯಾಟ್‌ಫಿಶ್’ ಅಂತ ಹೊಸ ಹೆಸರು ಕೊಟ್ಟು, ಜೊತೆಗೊಂದು ಮೀನಿನ ಕಥೆಯನ್ನೂ ಕಟ್ಟಿದರು. ವೈಡಾ ಬ್ಲೂಗೆ ‘ಟ್ರೂ ಬ್ಲೂ’ ಆಗು ಅಂದರು. ವೈಡಾ ಅನ್ನುವುದು ಅವನ ಅಪ್ಪನ ಹೆಸರು. ಆಗಲ್ಲ ಅಂದ.

ಮೀಸೆಗೆ ದುಡ್ಡಿತ್ತು, ಮಾತಿಗೆ ಇರಲಿಲ್ಲ. 1972, 73, 74, ಸಾಲಾಗಿ ಮೂರು ಸಲ ವರ್ಲ್ಡ್ ಸೀರೀಸ್ ಗೆದ್ದ ತಂಡ. ಆದರೂ ಹಂಟರ್‌ನ ಒಪ್ಪಂದದಲ್ಲಿದ್ದ 50,000 ಡಾಲರ್ ವಿಮೆ ಹಣವನ್ನು ಫಿನ್ಲಿ ಕಟ್ಟಲಿಲ್ಲ. ಪಂಚಾಯ್ತಿ ನಡೆದು ಹಂಟರ್‌ಗೆ ಬಿಡುಗಡೆಯಾಯಿತು. ಯಾಂಕೀಸ್ ಅವನಿಗೆ 30 ಲಕ್ಷ ಡಾಲರ್‌ಗೂ ಜಾಸ್ತಿ ಕೊಟ್ಟು ಕರೆದೊಯ್ದರು. ಕೆಲವೇ ವರ್ಷದಲ್ಲಿ ರೆಜ್ಜಿ ಜಾಕ್ಸನ್, ಫಿಂಗರ್ಸ್, ಬ್ಲೂ ಎಲ್ಲರೂ ಹೋದರು. ಕತ್ತೆಯೂ ಸತ್ತಿತು.

ಆನೆ 1988ರಲ್ಲಿ ವಾಪಸ್ ಬಂತು. ಮರುವರ್ಷವೇ ವರ್ಲ್ಡ್ ಸೀರೀಸ್ ಗೆಲುವು. ಆ ತಂಡದಲ್ಲಿ ಓಕ್ಲೆಂಡಿನಲ್ಲೇ ಬೆಳೆದ ರಿಕಿ ಹೆಂಡರ್ಸನ್ ಇದ್ದ. ಈ ಆಟದಲ್ಲಿ ಚೆಂಡು ಎಸೆಯುವವನ ಕಣ್ಣು ತಪ್ಪಿಸಿ ಮುಂದಿನ ಬೇಸ್‌ಗೆ ಓಡುವುದಕ್ಕೆ ಕದಿಯುವುದು ಅಂತಲೇ ಹೆಸರು. ರಿಕಿ ಜೀವಮಾನದಲ್ಲಿ ಕದ್ದದ್ದು 1,406 ಬೇಸ್. ಅದಕ್ಕೇ ತಂಡದವರು ಮೈದಾನಕ್ಕೆ ಅವನ ಹೆಸರಿಟ್ಟು ಮೆರೆಸಿದರು. ಮುಂದೆ ಮೈದಾನ ಬಿಟ್ಟು ಬಾಕಿ ಎಲ್ಲ ಹೋಗುತ್ತದೆ ಅಂತ ಯಾರಿಗೆ ಗೊತ್ತಿತ್ತು?

ಈಗಿನ ಮಾಲೀಕ ಜಾನ್ ಫಿಷರ್, ಗ್ಯಾಪ್ ಬಟ್ಟೆ ಅಂಗಡಿ ಕಟ್ಟಿದವರ ಮಗ. ಓಕ್ಲೆಂಡಿನಲ್ಲಿದ್ದಾಗ ತಂಡದ ಘೋಷಣೆ ‘ಓಕ್ಲೆಂಡಿನಲ್ಲೇ ನಮ್ಮ ಬೇರು’ ಅಂತಿತ್ತು. ಮೈದಾನದಲ್ಲಿ ಒಮ್ಮೆ ಚರಂಡಿ ನೀರು ಆಟಗಾರರ ಕೋಣೆಗೇ ನುಗ್ಗಿತ್ತು. ಬೇರು ಸಲೀಸಾಗಿ ಇಳಿಯಲಿ ಅಂತ ಇರಬೇಕು. ಒಳ್ಳೆ ಆಟಗಾರರನ್ನೆಲ್ಲ ಬೇರೆ ತಂಡಗಳಿಗೆ ಕಳಿಸಿದರು. 2023ರಲ್ಲಿ ತಂಡ 112 ಪಂದ್ಯ ಸೋತಿತು. ಆಮೇಲೆ ಎಲ್ಲರ ಬಾಯಲ್ಲೂ ಒಂದೇ ಮಾತು, ‘ಇಲ್ಲಿ ಜನ ಬರಲ್ಲ’. ಅನ್ನಕ್ಕೆ ಉಪ್ಪು ಸುರಿದು, ಇವರು ಊಟ ಮಾಡಲ್ಲ ಅಂದ ಹಾಗೆ.

ಜನಕ್ಕೆ ರೇಗಿತು. ಅದೇ ವರ್ಷ ಜೂನ್ 13ರಂದು ಉಲ್ಟಾ ಬಹಿಷ್ಕಾರ ಮಾಡಿದರು. ಅಂದರೆ ಬೇಕಂತಲೇ ಬಂದರು, 27,759 ಜನ. ‘ತಂಡ ಮಾರು’ ಅಂತ ಮುಖಕ್ಕೇ ಕೂಗಿದರು. ಅದೇ ದಿನ ನೆವಾಡ ರಾಜ್ಯದ ಸೆನೆಟ್ ಲಾಸ್ ವೇಗಸ್ ಸ್ಟೇಡಿಯಂಗೆ 38 ಕೋಟಿ ಡಾಲರ್‌ವರೆಗೆ ಸರ್ಕಾರಿ ದುಡ್ಡು ಕೊಡುವ ಮಸೂದೆಗೆ ಅಸ್ತು ಅಂದಿತು. ನವೆಂಬರಿನಲ್ಲಿ ಲೀಗಿನ ತಂಡಗಳ ಮಾಲೀಕರೆಲ್ಲ ಲಾಸ್ ವೇಗಸ್‌ಗೆ ಹೋಗಲಿ ಅಂತ ಒಕ್ಕೊರಲಿನಿಂದ ಕೈ ಎತ್ತಿದರು. ಒಬ್ಬರಾದರೂ ಸುಮ್ನೆ ಮುಲಾಜಿಗಾದರೂ ಬೇಡ ಅನ್ನಬಾರದಿತ್ತಾ?

2024ರ ಸೆಪ್ಟೆಂಬರ್ 26, ಓಕ್ಲೆಂಡಿನ ಕೊನೆಯ ಪಂದ್ಯ. ಬರಲ್ಲ ಅನ್ನಿಸಿಕೊಂಡ ಜನ 46,889. ತಂಡ ಗೆದ್ದೂ ಬಿಟ್ಟಿತು. ಆಟ ಮುಗಿದ ಮೇಲೆ ಜನ ಮೈದಾನದ ಮಣ್ಣನ್ನು ಲೋಟಕ್ಕೆ ತುಂಬಿಕೊಂಡು ಮನೆಗೆ ಹೋದರು. ತಂಡ ಹೋದದ್ದು ಎಲ್ಲಿಗೆ? ಸುಮಾರು 14,000 ಜನ ಹಿಡಿಸುವ ಚಿಕ್ಕ ಮೈದಾನಕ್ಕೆ. ಜನ ಸಾಲದು ಅಂತ ಗುಳೆ ಎದ್ದವರಲ್ವಾ ಇವರು!

ಮರುವರ್ಷ ಜುಲೈನಲ್ಲಿ ನಿಕ್ ಕರ್ಟ್ಜ್ ಅನ್ನುವ ಹೊಸ ಹುಡುಗ ಒಂದೇ ಪಂದ್ಯದಲ್ಲಿ 4 ಹೋಮ್ ರನ್ ಹೊಡೆದ. ಮೈದಾನ ಹ್ಯೂಸ್ಟನ್ನಿನದು, ಎದುರಾಳಿಗಳ ಹೋಮ್. ನಾಲ್ಕೂ ಸಲ ಅವನು ಓಡಿ ಬಂದು ಹೋಮ್ ಪ್ಲೇಟ್ ಮುಟ್ಟಿದ. ತಂಡದ ಪೈಕಿ ಹೋಮ್ ಎಲ್ಲಿದೆ ಅಂತ ಗೊತ್ತಿದ್ದವನು ಅವತ್ತು ಅವನೊಬ್ಬನೇ.