ಹೆಲ್ಮೆಟ್ಟಿನೊಳಗಿನ ಮೂಗು

ಹೆಲ್ಮೆಟ್ ಹಾಕಿ ಪಟ್ಟಿ ಬಿಗಿದ ಕೂಡಲೇ ನನಗೆ ಮೂಗು ತುರಿಸುತ್ತದೆ. ಅಲ್ಲಿಯವರೆಗೆ ಸುಮ್ನೆ ಇರುತ್ತದೆ ನೋಡಿ! ಸಿಗ್ನಲ್ಲಿನಲ್ಲಿ ಗಾಜು ಎತ್ತಿ ಬೆರಳು ತೂರಿಸಿದರೆ ಕೆಲಸ ಮುಗಿಯಿತು. ಗಾಜು ಎತ್ತುವ ಹಾಗೇ ಇಲ್ಲದವರ ಪಾಡೇನು?

ಅಮೆರಿಕದ ವೈಲಿ ಪೋಸ್ಟ್‌ಗೆ ಇದ್ದದ್ದು ಒಂದೇ ಕಣ್ಣು, ಆಸೆ ಮಾತ್ರ ಆಕಾಶದಷ್ಟು. ತೀರಾ ಎತ್ತರದಲ್ಲಿ ವಿಮಾನ ಹಾರಿಸಲು ಅವರಿಗೆ ಗಾಳಿ ತುಂಬಿದ ಉಡುಪು ಬೇಕಾಯಿತು. 1934ರಲ್ಲಿ ಅದನ್ನು ಮಾಡಿಕೊಟ್ಟದ್ದು ಟೈರ್ ಮಾಡುವ ಗುಡ್‌ರಿಚ್ ಕಂಪನಿ. ಹೆಲ್ಮೆಟ್ ಅಂದರೆ ಅಲ್ಯೂಮಿನಿಯಂ ಡಬರಿಯನ್ನು ತಲೆ ಮೇಲೆ ಬೋರಲು ಹಾಕಿದ ಹಾಗೆ, ಎದುರಿಗೊಂದು ಪುಟ್ಟ ಕಿಟಕಿ. ಬಿಚ್ಚುವ ತಿರುಪುಗಳಿದ್ದದ್ದು ಹಿಂದುಗಡೆ. 1935ರ ಫೆಬ್ರವರಿಯಲ್ಲಿ ಎಂಜಿನ್ ಕೈಕೊಟ್ಟು, ಕ್ಯಾಲಿಫೋರ್ನಿಯಾದ ಒಣಗಿದ ಕೆರೆಯೊಂದರಲ್ಲಿ ಇಳಿದರು. ತಿರುಪಿಗೆ ತಮ್ಮ ಕೈ ಎಟುಕದು. ಹತ್ತಿರದಲ್ಲಿ ಒಬ್ಬ ಕೆಟ್ಟ ಕಾರಿನ ಜೊತೆ ಗುದ್ದಾಡುತ್ತಿದ್ದ. ಸಹಾಯ ಕೇಳಲು ಡಬರಿ ತಲೆ ಹೊತ್ತೇ ಅವನ ಬಳಿ ಹೋದರು. ಅವನ ಜೀವ ಬಾಯಿಗೆ ಬಂದಿತ್ತಂತೆ. ಪಾಪ, ಸುಧಾರಿಸಿಕೊಂಡು ಬಿಚ್ಚಿಕೊಟ್ಟ.

1961ರ ಏಪ್ರಿಲ್ 12ರಂದು ಬಾಹ್ಯಾಕಾಶ ಸುತ್ತಿ ಯೂರಿ ಗಗಾರಿನ್ ಇಳಿದದ್ದು ಸರಾತೋವ್ ಸೀಮೆಯ ಹೊಲದಲ್ಲಿ. ನೋಡಿದವರು ಗೂಢಚಾರ ಅಂದುಕೊಂಡಾರು ಅಂತ ಬಿಳಿ ಹೆಲ್ಮೆಟ್ಟಿನ ಮೇಲೆ ಸೋವಿಯತ್ ದೇಶದ ನಾಲ್ಕಕ್ಷರವನ್ನು ಕೆಂಪು ಬಣ್ಣದಲ್ಲಿ ಬರೆದಿದ್ದರು. ಆಲೂಗಡ್ಡೆ ನೆಡುತ್ತಿದ್ದ ಅಜ್ಜಿ, ಮೊಮ್ಮಗಳು ಮಾತ್ರ ಹೆದರಿ ಹಿಂದೆ ಸರಿದರು. ಆಕಾಶದಿಂದ ಬಿದ್ದವನ ತಲೆ ಮೇಲಿನ ಬೋರ್ಡು ಯಾರು ಓದುತ್ತಾರೆ, ಅಲ್ವಾ?

ಮೂಗಿನ ಮಾತಿಗೆ ಬರೋಣ. 1966ರ ಜೂನ್‌ನಲ್ಲಿ ಅಮೆರಿಕದ ಗಗನಯಾತ್ರಿ ಯೂಜೀನ್ ಸರ್ನನ್ ಜೆಮಿನಿ-9 ನೌಕೆಯಿಂದ ಹೊರಬಂದು ಎರಡು ಗಂಟೆಗೂ ಜಾಸ್ತಿ ತೇಲಿದರು. ಗಾಳಿ ತುಂಬಿ ಸೆಟೆದ ಉಡುಪು, ಒಂದೊಂದು ಅಲುಗಾಟಕ್ಕೂ ಕುಸ್ತಿ. ಆ ಬೆವರನ್ನು ಆರಿಸುವಷ್ಟು ಗಾಳಿ ಒಳಗೆ ಹರಿಯಲಿಲ್ಲ. ಹಬೆಯೆಲ್ಲ ಗಾಜಿಗೆ ಕೂತು ಕಣ್ಣೆದುರು ಬರೀ ಬಿಳುಪು. ಕೆಳಗೆ ಇಡೀ ಭೂಮಿ ಇದೆ, ಕಾಣುತ್ತಿಲ್ಲ! ಕೈಯಲ್ಲಿ ಒರೆಸೋಣವೆಂದರೆ ಕೈ ಗಾಜಿನ ಆಚೆ. ಒಳಗಿದ್ದದ್ದು ಮೂಗೊಂದೇ. ಅದನ್ನೇ ಗಾಜಿಗೆ ಉಜ್ಜಿ ನಾಣ್ಯದಷ್ಟು ಜಾಗ ಮಾಡಿಕೊಂಡು ಇಣುಕಿದರು.

ಆಮೇಲಿನವರು ಗಾಜಿನ ಒಳಮೈಗೆ ಹಬೆ ಕೂರದ ದ್ರಾವಣ ಸವರಿಕೊಂಡೇ ಹೊರಟರು. ಚಂದ್ರನಿಗೆ ಹೋದ ಅಪೋಲೊ ನೌಕೆಗಳ ಹೊತ್ತಿಗೆ ಹೆಲ್ಮೆಟ್ಟೇ ದುಂಡನೆ ಪಾರದರ್ಶಕ ಬುರುಡೆಯಾಯಿತು. ಅದು ತಿರುಗುವುದಿಲ್ಲ, ಒಳಗೆ ತಲೆ ತಿರುಗಿಸಿದರಾಯಿತು. 1972ರಲ್ಲಿ ಅದೇ ಸರ್ನನ್ ಇದನ್ನು ಹಾಕಿಕೊಂಡು ಚಂದ್ರನ ಮೇಲೆ ಓಡಾಡಿದರು. ಮೈ ತಂಪಿಡಲು ನೀರು ಹರಿಯುವ ಒಳ ಉಡುಪೂ ಇತ್ತು. ನೌಕೆಯೊಳಗೆ ಬಂದು ಹೆಲ್ಮೆಟ್ ತೆಗೆದರೆ, ಚಂದ್ರನ ದೂಳಿಗೆ ಜೊತೆಗಾರ ಹ್ಯಾರಿಸನ್ ಸ್ಮಿಟ್ ಮೂಗು ಕಟ್ಟಿ ಕೂತರು.