ಹಳೆ ಫೋನನ್ನು ಅದೇ ದಿನ ಕೊಟ್ಟುಬಿಡಬೇಡಿ

ಆಂಡ್ರಾಯ್ಡ್ ಬಿಟ್ಟು ಐಫೋನಿಗೆ ಹೋಗುವ ಯೋಚನೆ ಇದ್ದವರು ದಯವಿಟ್ಟು ಇದನ್ನು ಪೂರ್ತಿ ಓದಿ. ಸ್ವಲ್ಪ ಉದ್ದ ಇದೆ.

ನಮ್ಮಕ್ಕ ಹುಬ್ಬಳ್ಳಿಯಲ್ಲಿ ಮನೆಯಿಂದಲೇ ಇಳಕಲ್ ಸೀರೆ ಮಾರುತ್ತಾಳೆ. ಅಂಗಡಿ ಇಲ್ಲ, ಬೋರ್ಡು ಇಲ್ಲ. ಎಲ್ಲಾ ವಾಟ್ಸ್‌ಆ್ಯಪ್‌ನಲ್ಲೇ. ಸೀರೆಯ ಫೋಟೋ ಹಾಕುತ್ತಾಳೆ, ಗಿರಾಕಿಗಳು ಅಲ್ಲೇ ಆರಿಸುತ್ತಾರೆ. ವಿಳಾಸ, ಕುಪ್ಪಸದ ಅಳತೆ, ಯಾರು ಎಷ್ಟು ಕೊಟ್ಟರು, ಯಾರದು ಎಷ್ಟು ಬಾಕಿ, ಎಲ್ಲವೂ ಆ ಚಾಟ್‌ಗಳಲ್ಲೇ ಇರುತ್ತದೆ. ನಾಲ್ಕು ವರ್ಷದ ಲೆಕ್ಕದ ಪುಸ್ತಕ ಅಂದರೆ ಅವಳಿಗೆ ಅದೇ.

"ಫೋಟೋದಾಗ ಸೀರಿ ಬಣ್ಣ ಇದ್ದಂಗ ಬರವಲ್ದು ತಮ್ಮಾ" ಅಂತ ಬಹಳ ದಿನದಿಂದ ಹೇಳುತ್ತಿದ್ದಳು. ಗಿರಿಕುಂಕುಮ ಬಣ್ಣದ ಸೀರೆ ಫೋಟೋದಲ್ಲಿ ಬೇರೇನೋ ಕೆಂಪಾಗಿ ಕಾಣುತ್ತಿತ್ತು. ಸೀರೆ ಕೈಗೆ ಬಂದ ಮೇಲೆ ಗಿರಾಕಿಗಳು ವಾಪಸ್ ಕಳಿಸುತ್ತಿದ್ದರು. ಅದಕ್ಕೇ ಐಫೋನ್ ತೆಗೆದುಕೊಂಡಳು. ಆನ್‌ಲೈನಿನಲ್ಲಿ, ಹಳೆ ಫೋನ್ ಎಕ್ಸ್‌ಚೇಂಜ್ ಹಾಕಿ.

ತೊಂದರೆ ಶುರುವಾಗಿದ್ದು ಬಾಗಿಲಲ್ಲಿ. ಹೊಸ ಫೋನ್ ತಂದ ಹುಡುಗ ಹಳೆಯದನ್ನು ಆಗಲೇ ತೆಗೆದುಕೊಂಡು ಹೋಗಬೇಕು. "ಅಕ್ಕಾರ, ಲಗೂ ರೀಸೆಟ್ ಮಾಡಿ ಕೊಡ್ರಿ, ಇನ್ನೂ ಹತ್ತು ಮನಿಗೆ ಹೋಗೂದೈತಿ" ಅಂದನಂತೆ. ಪಾಪ, ಅವನ ಕೆಲಸವೇ ಹಾಗೆ, ಅವನನ್ನು ಬೈದು ಉಪಯೋಗವಿಲ್ಲ. ದಿನಾ ರಾತ್ರಿ ಚಾಟ್‌ಗಳ ಬ್ಯಾಕಪ್, ಅಂದರೆ ಇನ್ನೊಂದು ನಕಲು, ಆಗುತ್ತದೆ ಅಂತ ಅಕ್ಕನಿಗೆ ಗೊತ್ತಿತ್ತು. ಆ ಧೈರ್ಯದ ಮೇಲೆ ಎಲ್ಲಾ ಅಳಿಸಿ ಕೊಟ್ಟಳು.

ಸಂಜೆ ಫೋನ್ ಬಂತು. "ಎಲ್ಲಾ ಹೋತಲ್ಲೋ" ಅಂತ ಅಷ್ಟೇ ಅಂದಳು. ಅವಳ ದನಿ ಇನ್ನೂ ಕಿವಿಯಲ್ಲಿದೆ.

ಆಗಿದ್ದು ಇಷ್ಟು. ಆಂಡ್ರಾಯ್ಡ್‌ನ ವಾಟ್ಸ್‌ಆ್ಯಪ್ ತನ್ನ ಬ್ಯಾಕಪ್ ಅನ್ನು ಗೂಗಲ್ ಡ್ರೈವ್‌ನಲ್ಲಿ ಇಡುತ್ತದೆ. ಐಫೋನಿನ ವಾಟ್ಸ್‌ಆ್ಯಪ್ ಹುಡುಕುವುದು ಆಪಲ್‌ನ ಐಕ್ಲೌಡ್‌ನಲ್ಲಿ. ಡ್ರೈವ್‌ನಲ್ಲಿರುವ ಬ್ಯಾಕಪ್ ಅನ್ನು ಅದು ಓದುವುದಿಲ್ಲ. ಅಂದರೆ ಅಕ್ಕನ ಬ್ಯಾಕಪ್ ಎಲ್ಲೂ ಹೋಗಿರಲಿಲ್ಲ. ಡ್ರೈವ್‌ನಲ್ಲಿ ಹಾಗೇ ಇತ್ತು. ಹೊಸ ಫೋನಿಗೆ ತರುವ ದಾರಿ ಮಾತ್ರ ಇರಲಿಲ್ಲ. ಆಂಡ್ರಾಯ್ಡ್‌ನಿಂದ ಐಫೋನಿಗೆ ಚಾಟ್ ಸಾಗಿಸುವ ಸೌಲಭ್ಯ 2022ರಲ್ಲೇ ಬಂದಿದೆ. ಆದರೆ ಅದು ಒಂದು ಫೋನಿನಿಂದ ಇನ್ನೊಂದು ಫೋನಿಗೆ ನೇರ ಹೋಗುತ್ತದೆ. ಎರಡೂ ಫೋನು ಎದುರಿಗೇ ಇರಬೇಕು. ಒಂದು ಆಗಲೇ ಹೊರಟು ಹೋಗಿತ್ತು.

ರಾತ್ರಿಯೆಲ್ಲ ಯೋಚಿಸಿದೆ. ನನ್ನ ಡ್ರಾಯರಿನಲ್ಲಿ ಒಂದು ಹಳೇ ಆಂಡ್ರಾಯ್ಡ್ ಫೋನಿತ್ತು. ಗಾಜು ಒಡೆದಿದೆ, ಆದರೆ ಓಡುತ್ತದೆ. ಅದನ್ನು ತೆಗೆದುಕೊಂಡು ಶುಕ್ರವಾರ ರಾತ್ರಿ ಹುಬ್ಬಳ್ಳಿ ರೈಲು ಹತ್ತಿದೆ.

ನಾವು ಮಾಡಿದ್ದನ್ನು ಬಿಡಿಸಿ ಬರೆಯುತ್ತೇನೆ, ಯಾರಿಗಾದರೂ ಬೇಕಾಗಬಹುದು. ಮೊದಲು ಆ ಹಳೇ ಫೋನಿನಲ್ಲಿ ಅಕ್ಕನ ಗೂಗಲ್ ಖಾತೆ ಹಾಕಿದೆವು. ಆಮೇಲೆ ವಾಟ್ಸ್‌ಆ್ಯಪ್ ಹಾಕಿ, ಅವಳ ನಂಬರನ್ನೇ ಕೊಟ್ಟೆವು. ಖಾತೆ ಅದೇ, ನಂಬರ್ ಅದೇ. ಬ್ಯಾಕಪ್ ಸಿಕ್ಕಿತು. ಚಾಟ್‌ಗಳು ಒಂದೊಂದಾಗಿ ಇಳಿಯತೊಡಗಿದಾಗ ಅಕ್ಕ ಅಡುಗೆಮನೆಯಿಂದ ಓಡಿಬಂದು ಪಕ್ಕದಲ್ಲಿ ಕೂತಳು.

ಅಲ್ಲಿಗೆ ಅರ್ಧ ಕೆಲಸ. ಹೊಸದಾಗಿ ತೆರೆದ ಅಥವಾ ರೀಸೆಟ್ ಆದ ಐಫೋನಿಗೆ ಮಾತ್ರ ಚಾಟ್ ಸಾಗಿಸಬಹುದು. ಹಾಗಾಗಿ ಐಫೋನನ್ನು ಮತ್ತೆ ಪೂರ್ತಿ ಅಳಿಸಬೇಕಾಯಿತು. ಅದರಲ್ಲಿ ಆಗಲೇ ಮೂರು ದಿನದ ಹೊಸ ಆರ್ಡರ್‌ಗಳಿದ್ದವು. ಅಕ್ಕ ಕೂತು ಒಂದೊಂದನ್ನೂ ನೋಟ್‌ಬುಕ್‌ನಲ್ಲಿ ಬರೆದುಕೊಂಡಳು. ನಂತರ ಹಳೇ ಫೋನಿನಲ್ಲಿ ಆಪಲ್‌ನ 'ಮೂವ್ ಟು ಐಒಎಸ್' ಆ್ಯಪ್ ಹಾಕಿದೆವು. ಐಫೋನು ಶುರುವಿನಲ್ಲೇ ಒಂದು ಕೋಡ್ ತೋರಿಸುತ್ತದೆ, ಅದನ್ನು ಹಳೇ ಫೋನಿನ ಈ ಆ್ಯಪ್‌ನಲ್ಲಿ ಒತ್ತಬೇಕು. ಸಾಗಿಸುವ ಪಟ್ಟಿಯಲ್ಲಿ ವಾಟ್ಸ್‌ಆ್ಯಪ್ ಇರುತ್ತದೆ, ಅದನ್ನು ಮರೆಯದೆ ಆರಿಸಿ. ಎರಡೂ ಫೋನು ಚಾರ್ಜಿಗೆ ಹಾಕಿರಬೇಕು. ಮುಗಿಯುವ ತನಕ ಬೇರೆ ಆ್ಯಪ್ ತೆರೆಯಬೇಡಿ, ಕಾಲ್ ಬಂದರೂ ಎತ್ತಬೇಡಿ. ಮಧ್ಯಾಹ್ನ ಊಟದ ಹೊತ್ತಿಗೆ ಶುರು ಮಾಡಿದ್ದು, ದೀಪ ಹಚ್ಚುವ ಹೊತ್ತಿಗೆ ಮುಗಿಯಿತು.

ಫೋಟೋಗಳ ಚಿಂತೆ ಇರಲಿಲ್ಲ, ಗೂಗಲ್ ಫೋಟೋಸ್ ಎರಡೂ ಕಡೆ ಇದೆ. ಒಂದು ವಿಷಯ ಗಮನದಲ್ಲಿರಲಿ: ಗೂಗಲ್ 15 ಜಿಬಿ ಜಾಗ ಪುಕ್ಕಟೆ ಕೊಡುತ್ತದೆ, ಐಕ್ಲೌಡ್ 5 ಜಿಬಿ. ದಿನಾ ಸೀರೆ ಫೋಟೋ ತೆಗೆಯುವವರಿಗೆ ಇದು ದೊಡ್ಡ ವ್ಯತ್ಯಾಸ. ಯುಪಿಐ ಕೂಡ ಹೊಸದಾಗಿ ಶುರು ಮಾಡಬೇಕು. ಹೊಸ ಫೋನಿನಲ್ಲಿ ಶುರುವಿನಲ್ಲಿ ಸಾಮಾನ್ಯವಾಗಿ 5000 ರೂಪಾಯಿಗಿಂತ ಜಾಸ್ತಿ ಕಳಿಸಲು ಬಿಡುವುದಿಲ್ಲ. ಇಳಕಲ್ಲಿನ ನೇಕಾರರಿಗೆ ಅಕ್ಕ ದುಡ್ಡು ಕೊಡಬೇಕಿದ್ದ ವಾರ ಅದು. ಇಂಥ ವಾರದಲ್ಲಿ ಫೋನ್ ಬದಲಾಯಿಸಬೇಡಿ.

ಇನ್ನು ಕನ್ನಡ. ಆಂಡ್ರಾಯ್ಡ್‌ಗೆ 2014ರಲ್ಲೇ ಕನ್ನಡ ಬಂತು, ಮೆನು ಸೆಟ್ಟಿಂಗ್ಸ್ ಎಲ್ಲಾ ಕನ್ನಡದಲ್ಲಿ ಇಟ್ಟುಕೊಳ್ಳಬಹುದಿತ್ತು. ಐಫೋನಿಗೆ ಅದು 2025ರಲ್ಲಿ ಬಂತು. ತಡವಾಯಿತು, ಆದರೂ ಬಂತಲ್ಲ. ಅಕ್ಕನ ಹೊಸ ಫೋನನ್ನು ಪೂರ್ತಿ ಕನ್ನಡಕ್ಕೆ ಹಾಕಿಕೊಟ್ಟು ಬಂದೆ. ನನಗೆ ನಿಜವಾಗಿ ಖುಷಿಯಾಯಿತು.

ಯಾವ ಫೋನ್ ಒಳ್ಳೆಯದು ಅನ್ನುವ ಜಗಳ ನನಗೆ ಬೇಡ. ಅಕ್ಕನಿಗೆ ಐಫೋನಿನ ಫೋಟೋದಲ್ಲಿ ಬರುವ ಬಣ್ಣ ಇಷ್ಟವಾಗಿದೆ, ಅಷ್ಟು ಸಾಕು. ನನಗೆ ಸಿಟ್ಟು ಬರುವುದು ಆ ಬಾಗಿಲಿನ ಹತ್ತು ನಿಮಿಷದ ಮೇಲೆ. ಎಕ್ಸ್‌ಚೇಂಜ್ ಮಾಡುವವರು ಹಳೆ ಫೋನಿಗೆ ಒಂದು ವಾರ ಟೈಮ್ ಕೊಡಬೇಕು. ಹೊಸದನ್ನು ಕೊಟ್ಟು, ವಾರ ಬಿಟ್ಟು ಬಂದು ಹಳೆಯದನ್ನು ತೆಗೆದುಕೊಂಡು ಹೋಗಲಿ. ಇನ್ನೊಂದು ಮಾತು. ಬ್ಯಾಕಪ್ ಯಾರದು? ನಮ್ಮದು ಅಲ್ವಾ? ಹಾಗಿದ್ದ ಮೇಲೆ ಅದನ್ನು ಯಾವ ಫೋನಿನಲ್ಲಾದರೂ ತೆರೆಯಲು ಬರಬೇಕು. ಅದು ಆಗುವ ತನಕ ಎಕ್ಸ್‌ಚೇಂಜಿನ ದುಡ್ಡು ಬಿಟ್ಟರೂ ಪರವಾಗಿಲ್ಲ, ಹಳೆ ಫೋನನ್ನು ಒಂದು ತಿಂಗಳು ಮನೆಯಲ್ಲಿ ಇಟ್ಟುಕೊಳ್ಳಿ.

ಬೆಂಗಳೂರಿನಲ್ಲಿ ಯಾರಿಗಾದರೂ ಅಕ್ಕನಿಗಾದಂತೆ ಆಗಿದ್ದರೆ ಮೆಸೇಜ್ ಮಾಡಿ. ಆ ಗಾಜು ಒಡೆದ ಫೋನು ಈಗ ಮತ್ತೆ ನನ್ನ ಡ್ರಾಯರಿನಲ್ಲಿದೆ. ಬಂದು ತೆಗೆದುಕೊಂಡು ಹೋಗಿ, ಕೆಲಸ ಮುಗಿದ ಮೇಲೆ ತಂದುಕೊಡಿ.