ಖಾಲಿ ಕಿವಿಗೆ ಒಂದು ತಾಳಮದ್ದಳೆ

"ಟೈಮ್ ಪಾಸಿಗೆ ಏನಾದ್ರೂ ಒಳ್ಳೇದಿದ್ರೆ ಹೇಳಿ" ಅಂತ ಇಲ್ಲಿ ಯಾರಾದರೂ ಕೇಳುತ್ತಲೇ ಇರುತ್ತಾರೆ. ಕೆಳಗೆ ಕಾಮೆಂಟುಗಳಲ್ಲಿ ವೆಬ್ ಸೀರೀಸ್‌ಗಳ ಹೆಸರು ಸಾಲುಗಟ್ಟುತ್ತವೆ. ಕೊರಿಯಾದ್ದು, ಸ್ಪೇನಿಂದು, ಮಲಯಾಳಂದು. ನಾನೂ ನೋಡುತ್ತೇನೆ, ಬೇಡ ಅನ್ನುವುದಿಲ್ಲ. ಆದರೆ ಪಾತ್ರೆ ತೊಳೆಯುವಾಗ, ಬಟ್ಟೆ ಮಡಚುವಾಗ, ಸಿಲ್ಕ್ ಬೋರ್ಡ್ ಹತ್ತಿರ ಬಸ್ಸು ನಿಂತಲ್ಲೇ ನಿಂತಾಗ ಸೀರೀಸ್ ನೋಡುವುದು ಹೇಗೆ? ಆಗ ಖಾಲಿ ಇರುವುದು ಕಿವಿ ಮಾತ್ರ. ಅದಕ್ಕೆ ತಾಳಮದ್ದಳೆಯಷ್ಟು ಚೆನ್ನಾಗಿ ಹೊಂದುವುದು ನನಗಂತೂ ಬೇರೇನೂ ಸಿಕ್ಕಿಲ್ಲ.

ಬಯಲುಸೀಮೆಯ ಗೆಳೆಯರಿಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಯಕ್ಷಗಾನದಿಂದ ವೇಷ, ಕುಣಿತ ಎರಡನ್ನೂ ತೆಗೆದುಬಿಡಿ. ಉಳಿಯುವುದು ಹಾಡು ಮತ್ತು ಮಾತು. ಭಾಗವತರು ಪದ್ಯ ಹೇಳುತ್ತಾರೆ, ಜೊತೆಗೆ ಚೆಂಡೆ, ಮದ್ದಳೆ. ಪಂಚೆ ಉಟ್ಟು, ಶಾಲು ಹೊದ್ದು ಕೂತ ಅರ್ಥಧಾರಿ ಆ ಪದ್ಯ ಹಿಡಿದು ತಾನೇ ಆ ಪಾತ್ರವಾಗಿ ಮಾತಾಡುತ್ತಾರೆ. ಪದ್ಯ ಮೊದಲೇ ಬರೆದಿಟ್ಟದ್ದು. ಮಾತು ಮಾತ್ರ ಅಲ್ಲೇ ಹುಟ್ಟಬೇಕು. ಎದುರು ಕೂತವರು ಏನು ಕೇಳುತ್ತಾರೋ ಗೊತ್ತಿಲ್ಲ, ಆದರೂ ಉತ್ತರ ತಡವರಿಸುವ ಹಾಗಿಲ್ಲ. ನಡುವೆ ಒಂದು ಇಂಗ್ಲಿಷ್ ಪದವೂ ನುಸುಳಬಾರದು. ನಾವು ನೀವು ಹಾಗೆ ಐದು ನಿಮಿಷ ಮಾತಾಡಿ ನೋಡೋಣ, ಆಗುತ್ತಾ?

ಕರಾವಳಿಯ ಯಕ್ಷಗಾನ ಮೇಳಗಳು ಮೇ ಕೊನೆಗೆ, ತಿರುಗಾಟ ಮುಗಿಸುವ ದಿನವಾದ ಪತ್ತನಾಜೆಗೆ ಗೆಜ್ಜೆ ಬಿಚ್ಚುತ್ತವೆ. ಮತ್ತೆ ತಿರುಗಾಟ ಹೊರಡುವುದು ನವೆಂಬರ್ ಹೊತ್ತಿಗೆ. ನಡುವಿನ ಮಳೆಗಾಲದಲ್ಲಿ ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡ, ಮಲೆನಾಡು, ಆಚೆ ಕಾಸರಗೋಡಿನಲ್ಲೂ ತಾಳಮದ್ದಳೆ ಕೂಟಗಳು ಜೋರು. ದೇವಸ್ಥಾನದ ಚಾವಡಿ ಆಗಬಹುದು, ಯಾರದೋ ಮನೆಯ ಜಗಲಿಯೂ ಆಗಬಹುದು. ಒಟ್ಟಿನಲ್ಲಿ ಬಿಡುವಿನಲ್ಲೇ ಬೆಳೆದ ಕಲೆ ಇದು.

ವಾಲಿವಧೆಯ ಪ್ರಸಂಗವನ್ನೇ ನೋಡಿ. ಕಥೆ ನಮಗೆಲ್ಲ ಗೊತ್ತು. ರಾಮ ಮರೆಯಲ್ಲಿ ನಿಂತು ಬಾಣ ಬಿಟ್ಟ, ವಾಲಿ ಬಿದ್ದ. ತಾಳಮದ್ದಳೆಯ ಮಜಾ ಶುರುವಾಗುವುದು ಅಲ್ಲಿಂದ. ಎದೆಗೆ ಬಾಣ ನಾಟಿಸಿಕೊಂಡ ವಾಲಿ ಒಂದೊಂದಾಗಿ ಕೇಳುತ್ತಾ ಹೋಗುತ್ತಾನೆ. ನಿನಗೂ ನನಗೂ ಏನು ದ್ವೇಷ? ನಿನ್ನ ರಾಜ್ಯಕ್ಕೆ ನಾನು ಬಂದಿದ್ದೆನೇ? ನಾನು ಕೋತಿ, ನನ್ನ ಮಾಂಸ ನೀವು ತಿನ್ನುವುದಿಲ್ಲ, ಚರ್ಮ ಉಡುವುದಿಲ್ಲ, ಹಾಗಿದ್ದಮೇಲೆ ಬೇಟೆ ಯಾತಕ್ಕೆ? ಸೀತೆಯನ್ನು ತರಿಸಬೇಕಿದ್ದರೆ ನನಗೇ ಒಂದು ಮಾತು ಹೇಳಿದ್ದರೆ ಸಾಕಿತ್ತಲ್ಲ? ಕೇಳುತ್ತಾ ಕೂತರೆ, ಛೇ, ಇವನು ಹೇಳುವುದು ಸರಿ ಅನ್ನಿಸಿಬಿಡುತ್ತದೆ. ಆಮೇಲೆ ರಾಮ ಬಾಯಿ ಬಿಡುತ್ತಾನೆ. ಈ ಭೂಮಿ ಇಕ್ಷ್ವಾಕು ವಂಶದ್ದು, ಭರತನ ಆಳ್ವಿಕೆಯದ್ದು, ಅವನ ಪರವಾಗಿ ಧರ್ಮ ಕಾಯುವುದು ನನ್ನ ಕೆಲಸ. ತಮ್ಮ ಸುಗ್ರೀವ ಬದುಕಿರುವಾಗಲೇ ಅವನ ಹೆಂಡತಿಯನ್ನು ಇಟ್ಟುಕೊಂಡವನಿಗೆ ಬೇರೆ ಯಾವ ಶಿಕ್ಷೆ ಕೊಡಲಿ? ಈಗ ಇವನೂ ಸರಿ ಅನ್ನಿಸುತ್ತದೆ. ಅಷ್ಟರಲ್ಲಿ ವಾಲಿ ಮತ್ತೊಂದು ಎಳೆ ಹಿಡಿಯುತ್ತಾನೆ. ನಾನು ಮನುಷ್ಯನೋ ಮೃಗವೋ, ಮೊದಲು ಅದನ್ನು ತೀರ್ಮಾನ ಮಾಡು. ಮನುಷ್ಯನಾದರೆ ಎದುರು ಬಂದು ಹೊಡೆಯಬೇಕಿತ್ತು. ಮೃಗವಾದರೆ ಅಣ್ಣ, ತಮ್ಮ, ಹೆಂಡತಿ ಅನ್ನುವ ನಿಮ್ಮ ಧರ್ಮ ನನಗೆ ಹೇಗೆ ಅನ್ವಯ?

ಈ ವಾದದ ಬೇರು ವಾಲ್ಮೀಕಿಯಲ್ಲೇ ಇದೆ. ಆದರೆ ಹೆಸರಾಂತ ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯ ಬಾಯಲ್ಲಿ ಅದನ್ನು ಕೇಳುವ ಸುಖವೇ ಬೇರೆ. ಅವರು ದನಿ ಏರಿಸುವುದು ಕಡಿಮೆ. ಎದುರಿನವರನ್ನು ಮೆಲ್ಲಗೆ ಒಂದು ಮೂಲೆಗೆ ತಂದು ನಿಲ್ಲಿಸಿ, ಆಮೇಲೆ ಬಾಗಿಲು ಹಾಕುತ್ತಾರೆ. ಮಲ್ಪೆಯ ಸಾಮಗರದ್ದು ಬೇರೆ ರುಚಿ. ಕುಂಬಳೆ ಸುಂದರ ರಾಯರದ್ದು ಪ್ರಾಸದ ಮೇಲೆ ಪ್ರಾಸ. 1994ರಲ್ಲಿ ಸುರತ್ಕಲ್‌ನಿಂದ ಗೆದ್ದು ವಿಧಾನಸಭೆಗೂ ಹೋಗಿದ್ದರು ಅವರು. ಈಗಿನವರಲ್ಲಿ ಜಬ್ಬಾರ್ ಸಮೊ ಅವರನ್ನೂ ಕೇಳಿ ನೋಡಿ.

ನನ್ನ ತಕರಾರು ಇರುವುದು ಈಗ ಓಡಾಡುತ್ತಿರುವ ಎರಡು ನಿಮಿಷದ ತುಣುಕುಗಳ ಬಗ್ಗೆ. 'ವಾಲಿಯ ಪ್ರಶ್ನೆಗೆ ರಾಮ ತಬ್ಬಿಬ್ಬು', 'ಕೃಷ್ಣನ ಮಾತಿಗೆ ಕೌರವ ಗಪ್‌ಚುಪ್' ಅಂತ ದೊಡ್ಡ ಅಕ್ಷರದಲ್ಲಿ ಬರೆದು, ಹಿಂದೆ ಯಾವುದೋ ಸಿನಿಮಾ ಸಂಗೀತ ಸೇರಿಸಿ ಹರಿಬಿಡುತ್ತಾರೆ. ಚಪ್ಪಾಳೆ ಬಿದ್ದ ಮಾತು ಮಾತ್ರ ಅದರಲ್ಲಿ ಇರುತ್ತದೆ. ಚಪ್ಪಾಳೆ ನಿಂತ ಮೇಲೆ ಎದುರಿನವರು ಕೊಟ್ಟ ಉತ್ತರ ಇರುವುದಿಲ್ಲ. ಆ ಉತ್ತರವೇ ಇಲ್ಲದ ಮೇಲೆ ಅದಕ್ಕೂ ಟಿವಿ ಚರ್ಚೆಗೂ ಏನು ವ್ಯತ್ಯಾಸ? ಎದುರಾಳಿ ಪೂರ್ತಿ ಮಾತಾಡುವವರೆಗೆ ಸುಮ್ಮನೆ ಕೂತು ಕೇಳುವುದು ಈ ಕಲೆಯ ಮೊದಲ ಶಿಸ್ತು. ಕತ್ತರಿ ಬೀಳುವುದು ಸರಿಯಾಗಿ ಅಲ್ಲಿಗೇ.

ಹಾಗಂತ ಎಲ್ಲಾ ಕೂಟಗಳೂ ಬಂಗಾರ ಅಲ್ಲ. ಕೆಲವರ ಪೀಠಿಕೆ ಮುಗಿಯುವಷ್ಟರಲ್ಲಿ ಪಾತ್ರೆ ತೊಳೆದು, ಒರೆಸಿ, ಜೋಡಿಸಿ, ನಾಳೆಗೆ ಉದ್ದು ನೆನೆಸಿಯೂ ಆಗಿರುತ್ತದೆ. ಕೆಲವರು ಸಂಸ್ಕೃತ ಶ್ಲೋಕ ಉದುರಿಸುವುದನ್ನೇ ವಾದ ಅಂದುಕೊಂಡಿದ್ದಾರೆ. ನನಗೆ ಇನ್ನೂ ಬೇಜಾರಾಗುವುದು, ವಾಲಿಯ ಹೆಂಡತಿ ತಾರೆಯಂಥ ಪಾತ್ರಕ್ಕೆ ಎಷ್ಟೋ ಕೂಟಗಳಲ್ಲಿ ನಾಲ್ಕು ಮಾತು ಆಡುವಷ್ಟು ಜಾಗವನ್ನೂ ಬಿಡದಿರುವುದು. ಗಂಡನನ್ನು ಹೊರಡಬೇಡ ಎಂದು ತಡೆದವಳು ಅವಳು, ಪರಿಸ್ಥಿತಿ ಸರಿಯಾಗಿ ಲೆಕ್ಕ ಹಾಕಿದವಳೂ ಅವಳೇ. ಈಗ ಮಹಿಳೆಯರದ್ದೇ ತಂಡಗಳಿವೆ. ಅವರ ಕೂಟಗಳಲ್ಲಿ ತಾರೆ ಏನು ಹೇಳುತ್ತಾಳೆ ಅಂತ ಹುಡುಕಿ ಕೇಳುತ್ತಿರುತ್ತೇನೆ.

ಹೊಸಬರು ಹಳೆಯ ಕ್ಯಾಸೆಟ್ ಕಾಲದ ಧ್ವನಿಮುದ್ರಣದಿಂದ ಶುರು ಮಾಡಿದರೆ ಒಳ್ಳೆಯದು. ಈಗ ಯೂಟ್ಯೂಬಿನಲ್ಲಿ ಬೇಕಾದಷ್ಟು ಸಿಗುತ್ತವೆ. ಕ್ಯಾಸೆಟ್ಟಿನ ಒಂದು ಬದಿಗೆ ಅರ್ಧ ಗಂಟೆ ಅಂದರೆ ಅರ್ಧ ಗಂಟೆಯೇ. ಹಾಗಾಗಿ ಮಾತು ತೂಕವಾಗಿರುತ್ತದೆ, ಸುತ್ತು ಬಳಸು ಕಡಿಮೆ. ಒಂದು ಪದ್ಯ, ಅದರ ಅರ್ಥ ಮುಗಿದ ಕಡೆ ನಿಲ್ಲಿಸಿ, ನಾಳೆ ಅಲ್ಲಿಂದಲೇ ಮುಂದುವರಿಸಬಹುದು. ದಯವಿಟ್ಟು ಒಂದೂವರೆ ಪಟ್ಟು ವೇಗದಲ್ಲಿ ಮಾತ್ರ ಓಡಿಸಬೇಡಿ. ಭಾಗವತರ ಪದ್ಯ ಕೇಳುವ ಹಾಗಿರುವುದಿಲ್ಲ.

ಯಾವ ಪ್ರಸಂಗ ಅಂತ ಕೇಳಿದರೆ ಕರ್ಣಪರ್ವ. ಗುರಿ ಅರ್ಜುನನ ಕೊರಳಿಗೆ ಬೇಡ, ಎದೆಗೆ ಇಡು ಎನ್ನುತ್ತಾನೆ ಕರ್ಣನ ಸಾರಥಿ ಶಲ್ಯ. ಇಟ್ಟ ಗುರಿ ಬದಲಿಸುವವನಲ್ಲ ಎನ್ನುತ್ತಾನೆ ಕರ್ಣ. ಕೊನೆಗೆ ಶಲ್ಯ ರಥದಿಂದ ಇಳಿದು ನಡೆದೇಬಿಡುತ್ತಾನೆ. ಒಬ್ಬ ಅರ್ಥಧಾರಿಯ ಬಾಯಲ್ಲಿ ಆ ಶಲ್ಯ ಕೈಕೊಟ್ಟ ದ್ರೋಹಿ, ಇನ್ನೊಬ್ಬರ ಬಾಯಲ್ಲಿ ಒಳ್ಳೆಯ ಮಾತು ಹೇಳಿಯೂ ಬೈಸಿಕೊಂಡ ಹಿರಿಯ. ನಮ್ಮ ಆಫೀಸಿನ ಹಾಸನದ ಗೆಳೆಯನಿಗೆ ಎರಡೂ ಕಳಿಸಿದ್ದೆ. "ಇವರು ಜಗಳ ಆಡ್ತಿದಾರಾ, ಭಾಷಣ ಮಾಡ್ತಿದಾರಾ ಮಾರಾಯ?" ಅಂತ ಮೊದಲು ಕೇಳಿದ. ಈಗ ಊಟದ ಹೊತ್ತಿಗೆ ಶಲ್ಯನ ಪರ ವಾದಕ್ಕೆ ಬರುತ್ತಾನೆ.

ರಾತ್ರಿ ಮಲಗುವ ಮುಂಚೆ ಮಾತ್ರ ಬೇಡ. ನಿದ್ದೆ ಬರುವುದಿಲ್ಲ.